6 ಜನರ ಮನೆಗೆ ಗಾಡಿ: ಹೈಕ್ರಾಸ್, ಕಾರೆನ್ಸ್ ಡೀಸೆಲ್, ಇಲ್ಲಾ ಹಳೇ ಕ್ರಿಸ್ಟಾ? ಓಡಿಸ್ತಾ ಇರೋರು ಹೇಳಿ

ಹಾಸನ_ರಸ್ತೆ

ಎಲ್ಲರಿಗೂ ನಮಸ್ಕಾರ. ಮನೇಲಿ ನಾವು 6 ಜನ. ಅಪ್ಪ ಅಮ್ಮ ಇಬ್ರಿಗೂ 70 ದಾಟಿದೆ, ನಾನು, ಹೆಂಡ್ತಿ, ಮಗಳಿಗೆ 9, ಮಗನಿಗೆ 4. ಈಗಿರೋದು ಹ್ಯಾಚ್‌ಬ್ಯಾಕ್, ಮದುವೆ ಮುಂಜಿ ಅಂತ ಎಲ್ಲರೂ ಒಟ್ಟಿಗೆ ಹೊರಟ್ರೆ ಇಬ್ರು ಬಸ್ ಹತ್ಬೇಕು ಇಲ್ಲಾ ಟ್ಯಾಕ್ಸಿ ಹೇಳ್ಬೇಕು, ಅಪ್ಪ ಅಂತೂ "ನೀವು ಹೋಗ್ಬನ್ನಿ" ಅಂತ ಮನೇಲೇ ಉಳಿದುಬಿಡ್ತಾರೆ. ಅದು ಇನ್ನು ಬೇಡ ಅಂತ ಈ ಸಲ ಮೂರು ಸಾಲಿನ ಗಾಡಿ ತಗೊಳ್ಳೋಣ ಅಂತಿದ್ದೀನಿ.

ನಮ್ಮ ಓಡಾಟ ಹೇಳ್ತೀನಿ. ವಾರದ ದಿನ ಸ್ಕೂಲು, ಆಫೀಸು, ಮಾರ್ಕೆಟ್ಟು, ಎಲ್ಲಾ ಹಾಸನದೊಳಗೇ, ಒಂದೊಂದು ಸಲಕ್ಕೆ 3-4 ಕಿಲೋಮೀಟರ್ ಅಷ್ಟೇ. ತಿಂಗಳಿಗೆ ಒಂದೆರಡು ಸಲ ಶಿರಾಡಿ ಘಾಟಿ ಇಳಿದು ಬಂಟ್ವಾಳ, ಅದು ಹೆಂಡ್ತಿ ತವರು. ಆಮೇಲೆ ಸಕಲೇಶಪುರದ ಹತ್ರ ಸ್ವಲ್ಪ ತೋಟ ಇದೆ, ಕೊನೇ ಒಂದು ಕಿಲೋಮೀಟರ್ ಮಣ್ಣಿನ ಏರು, ಮಳೇಲಿ ಕೆಸರು.

ಬಜೆಟ್ ಆನ್‌ರೋಡ್ 25 ಲಕ್ಷ. ತಲೇಲಿರೋದು ಇನ್ನೋವಾ ಹೈಕ್ರಾಸ್ ಪೆಟ್ರೋಲ್, ಕಿಯಾ ಕಾರೆನ್ಸ್ ಡೀಸೆಲ್, ಇಲ್ಲಾಂದ್ರೆ ಚೆನ್ನಾಗಿರೋ ಸೆಕೆಂಡ್ ಹ್ಯಾಂಡ್ ಕ್ರಿಸ್ಟಾ. ಹೈಕ್ರಾಸ್‌ನಲ್ಲೇ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರ್ ಇರೋದು) ತಗೋ ಅಂತ ಸುಮಾರು ಜನ ಹೇಳ್ತಿದ್ದಾರೆ ಆದ್ರೆ ಅದು ಬಜೆಟ್ ಮೀರುತ್ತೆ, ಅಷ್ಟು ಜಾಸ್ತಿ ಕೊಟ್ಟಿದ್ದಕ್ಕೆ ನಿಜವಾಗ್ಲೂ ಉಪಯೋಗ ಇದ್ಯಾ? ಇನ್ನೊಂದು, ಅಮ್ಮನಿಗೆ ಎಡ ಮಂಡಿ ಆಪರೇಷನ್ ಆಗಿದೆ. ಹತ್ತೋದು ಇಳಿಯೋದೇ ನನಗೆ ದೊಡ್ಡ ಚಿಂತೆ.

ತುಂಗಾತೀರ

ನಮಸ್ಕಾರ ಸರ್, ಶಿವಮೊಗ್ಗದಿಂದ. ನಮ್ಮನೇಲಿ ಹೈಕ್ರಾಸ್ ಹೈಬ್ರಿಡ್ ಇದೆ, ಅದಕ್ಕೆ ಮುಂಚೆ ಹಳೇ ಇನ್ನೋವಾ ಇತ್ತು, ಹಾಗಾಗಿ ಎರಡೂ ಗೊತ್ತು.

ಮೊದ್ಲು ಅಮ್ಮನ ವಿಷಯ, ಯಾಕಂದ್ರೆ ಮಿಕ್ಕಿದ್ದೆಲ್ಲ ಆಮೇಲೆ. ಕ್ರಿಸ್ಟಾ ಲ್ಯಾಡರ್ ಫ್ರೇಮ್, ಅಂದ್ರೆ ಏಣಿ ಥರದ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿರೋ ಗಾಡಿ, ಒಳಗಿನ ನೆಲ ಎತ್ತರ, ಕಾಲು ಎತ್ತಿ ಮೆಟ್ಟಿಲು ಹತ್ತಿದ ಹಾಗೆ ಹತ್ಬೇಕು. ಹೈಕ್ರಾಸ್ ಮಾನೋಕಾಕ್, ಅಂದ್ರೆ ಬೇರೆ ಚೌಕಟ್ಟಿಲ್ಲ, ಬಾಡಿಯೇ ಚೌಕಟ್ಟು, ಮುಂದಿನ ಚಕ್ರಕ್ಕೆ ಪವರ್, ಹಿಂದಿನ ಚಕ್ರಕ್ಕೆ ಪವರ್ ಒಯ್ಯೋ ಉದ್ದ ರಾಡು (ಪ್ರೊಪೆಲ್ಲರ್ ಶಾಫ್ಟ್) ಇಲ್ಲ, ಅದಕ್ಕೆ ನೆಲ ತಗ್ಗಿದೆ. ನಮ್ಮ ಅತ್ತೆಗೂ ಮಂಡಿ ನೋವು. ಅವರು ಮೊದ್ಲು ಗಾಡಿಗೆ ಬೆನ್ನು ಹಾಕಿ ಸೀಟಿನ ಅಂಚಲ್ಲಿ ಕೂತ್ಕೋತಾರೆ, ಆಮೇಲೆ ಮೇಲಿನ ಹಿಡಿ ಹಿಡಿದು ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸ್ಕೋತಾರೆ. ಹಳೇ ಗಾಡೀಲಿ ಹೀಗೆ ಕೂರೋಕೇ ಆಗ್ತಿರ್ಲಿಲ್ಲ, ಸೀಟು ಸೊಂಟಕ್ಕಿಂತ ಮೇಲಿತ್ತು. ಈಗ ಯಾರ ಕೈಯೂ ಬೇಡ. ಶೋರೂಮ್‌ಗೆ ಅಮ್ಮನ್ನ ಕರ್ಕೊಂಡೇ ಹೋಗಿ, ಅಲ್ಲಿ ಟೈಲ್ಸ್ ನೆಲದ ಮೇಲೆ ಅಲ್ಲ, ಹೊರಗೆ ರಸ್ತೆ ಬದೀಲಿ ಗಾಡಿ ನಿಲ್ಸಿ ಹತ್ತಿಸಿ ನೋಡಿ. ಸೀರೇಲಿ ಬಂದು ನೋಡ್ಲಿ, ಅದೂ ಮುಖ್ಯ.

ಹೈಬ್ರಿಡ್ ಬಗ್ಗೆ. ಕಂಪನಿ ಹೇಳೋ ಮೈಲೇಜ್ 23.24. ನಮಗೆ ಊರೊಳಗೆ 17-18 ಆರಾಮಾಗಿ ಬರುತ್ತೆ, ಹೈವೇಲಿ 100ರ ಮೇಲೆ ಎಳೆದ್ರೆ ಅದಕ್ಕಿಂತ ಕಮ್ಮಿ ಆಗುತ್ತೆ. ಮಾಮೂಲಿ ಗಾಡಿಗೆ ತಿರುಗಾ ಮುರುಗಾ, ಯಾಕಂದ್ರೆ ಸಿಗ್ನಲ್, ನಿಂತು ಹೊರಡೋದು ಇರೋ ಕಡೆಯೇ ಮೋಟರ್ ಜಾಸ್ತಿ ಕೆಲಸ ಮಾಡೋದು, ಬ್ರೇಕ್ ಹಿಡಿದಾಗೆಲ್ಲ ಚಾರ್ಜ್ ವಾಪಸ್ ಬರುತ್ತೆ. ನಿಮ್ಮ 3-4 ಕಿಲೋಮೀಟರ್ ಓಡಾಟಕ್ಕೆ ಇದಕ್ಕಿಂತ ಹೊಂದೋ ಗಾಡಿ ಇಲ್ಲ. ಅದೇ ಹೈಕ್ರಾಸ್ ಪೆಟ್ರೋಲ್, ಸಿವಿಟಿ (ಒಂದು ಥರದ ಆಟೋಮ್ಯಾಟಿಕ್ ಗೇರ್) ಇರೋದು, ಕಂಪನಿ ಲೆಕ್ಕ 16.13, ಸ್ನೇಹಿತರ ಗಾಡಿ ಊರೊಳಗೆ 10ರ ಆಸುಪಾಸು ಕೊಡ್ತಿದೆ.

ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ಬ್ಯಾಟರಿ ತಣ್ಣಗಾಗೋಕೆ ಗಾಳಿ ಎಳೆಯೋದು ಕ್ಯಾಬಿನ್ ಒಳಗಿಂದಲೇ. ಆ ಕಿಂಡಿ ಎಲ್ಲಿದೆ ಅಂತ ಡೆಲಿವರಿ ದಿನವೇ ಕೇಳಿ ನೋಡ್ಕೊಂಡುಬಿಡಿ. ಮಕ್ಕಳಿರೋ ಮನೆ, ಬಿಸ್ಕತ್ ಪುಡಿ, ಕಡ್ಲೆಕಾಯಿ ಸಿಪ್ಪೆ, ಮ್ಯಾಟಿನ ಅಂಚು ಎಲ್ಲಾ ಹೋಗಿ ಅಲ್ಲೇ ಕೂರುತ್ತೆ. ನಾನು ತಿಂಗಳಿಗೊಂದ್ಸಲ ವ್ಯಾಕ್ಯೂಮ್ ಹಿಡಿಸ್ತೀನಿ.

ಒಂದು ಸಂತೋಷದ ವಿಷಯ, ಕ್ವಾಲಿಸ್ ಕಾಲದಿಂದ ಈ ಗಾಡಿಗಳು ತಯಾರಾಗ್ತಿರೋದು ನಮ್ಮ ಬಿಡದಿಯಲ್ಲೇ.

ಕುಡ್ಲದ_ಗಾಡಿ

ನಮ್ಮದು ಕಾರೆನ್ಸ್ ಡೀಸೆಲ್ ಆಟೋಮ್ಯಾಟಿಕ್, ಮಂಗಳೂರು. ಶಿರಾಡಿ ನಮಗೆ ಮನೆ ಅಂಗಳದ ಹಾಗೆ, ಬೆಂಗಳೂರಿಗೆ ಹೋಗ್ಲಿಕ್ಕೆ ಬೇರೆ ದಾರಿ ಉಂಟಾ ಹೇಳಿ.

ಘಾಟಿ ಹತ್ತುವಾಗ ಈ ಎಂಜಿನ್ ಬಹಳ ಒಳ್ಳೇದು ಮಾರಾಯ್ರೆ. 1.5 ಲೀಟರ್, 250 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ), ಗುಂಡ್ಯ ದಾಟಿ ಏರು ಶುರುವಾದ ಮೇಲೆ ಮುಂದೆ ನಿಧಾನ ಹೋಗುವ ಟ್ಯಾಂಕರ್ ಸಿಕ್ಕಿದ್ರೆ ಖಾಲಿ ಜಾಗ ನೋಡಿ ಒಂದು ಒತ್ತು ಕೊಟ್ರೆ ಸಾಕು, ಎಂಜಿನ್ ಕಿರುಚುವುದಿಲ್ಲ. ಹೈವೇಯಲ್ಲಿ 18ರ ಮೇಲೆ ಬರ್ತದೆ. ಗ್ರೌಂಡ್ ಕ್ಲಿಯರೆನ್ಸ್ 195 ಮಿಮೀ, ಹೈಕ್ರಾಸ್‌ದು 185, ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ನಡುವಿನ ದೂರ) ಕೂಡ ಇದರದ್ದು ಗಿಡ್ಡ, 2780 ಮಿಮೀ, ಹಾಗಾಗಿ ದೊಡ್ಡ ಹಂಪಲ್ಲಿ ಹೊಟ್ಟೆ ತಾಗುವ ಹೆದರಿಕೆ ಕಮ್ಮಿ.

ಮೂರನೇ ಸಾಲಿಗೆ ಹೋಗ್ಲಿಕ್ಕೆ ಎಡಬದಿಯ ನಡು ಸೀಟು ಒಂದು ಬಟನ್ ಒತ್ತಿದ್ರೆ ತಾನೇ ಮಡಚಿಕೊಂಡು ಮುಂದೆ ಬೀಳ್ತದೆ, ನನ್ನ ಮಗಳು ಅವಳೇ ಒತ್ತಿ ಹಿಂದೆ ಹೋಗಿ ಕೂತುಕೊಳ್ತಾಳೆ. ಆದ್ರೆ ಸತ್ಯ ಹೇಳ್ಬೇಕು, ಮೂರನೇ ಸಾಲು ಮಕ್ಕಳಿಗೆ. ದೊಡ್ಡವರು ಅರ್ಧ ಗಂಟೆ ಕೂತ್ರೆ ಮೊಣಕಾಲು ಎದೆಗೆ ಬರ್ತದೆ. ಮೂರೂ ಸಾಲು ಎತ್ತಿಟ್ರೆ ಹಿಂದೆ ಡಿಕ್ಕಿ 216 ಲೀಟರ್ ಮಾತ್ರ, ಎರಡು ಬ್ಯಾಗು, ಒಂದು ಹಲಸಿನ ಹಣ್ಣು, ಮುಗೀತು. ತವರಿಂದ ಬರುವಾಗ ಏನೆಲ್ಲ ತುಂಬಿಸಿ ಕಳಿಸ್ತಾರೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ರೂಫ್ ಕ್ಯಾರಿಯರ್ ಲೆಕ್ಕ ಹಾಕಿ ಇಡಿ.

ಸ್ಪ್ಯಾನರ್_ಅಣ್ಣ

ನಾನು ಗ್ಯಾರೇಜ್ ಇಟ್ಕೊಂಡಿರೋನು. ಮೇಲಿನ ಇಬ್ರೂ ಸರಿಯಾಗೇ ಹೇಳಿದ್ದಾರೆ, ಆದ್ರೆ ಸರ್ ನಿಮ್ಮ ಓಡಾಟ ಓದಿದ ತಕ್ಷಣ ನನಗೆ ಹೊಳೆದಿದ್ದು ಡಿಪಿಎಫ್.

ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಗಾಡಿಗಳಿಗೆ ಸೈಲೆನ್ಸರ್ ಲೈನಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಅದೇ ಡಿಪಿಎಫ್. ಅದು ತುಂಬಿದಾಗ ಗಾಡಿ ತಾನೇ ಜಾಸ್ತಿ ಡೀಸೆಲ್ ಬಿಟ್ಟು ಬಿಸಿ ಏರಿಸಿ ಮಸಿ ಸುಟ್ಕೊಳ್ಳುತ್ತೆ, ಅದನ್ನ ರೀಜನರೇಷನ್ ಅಂತೀವಿ. ಅದಕ್ಕೆ ಒಂದೇ ಸಮ ಸ್ಪೀಡಲ್ಲಿ ಒಂದಿಷ್ಟು ಹೊತ್ತು ಓಡ್ಬೇಕು. 3 ಕಿಲೋಮೀಟರ್ ಓಡಿ ಆಫ್ ಮಾಡಿದ್ರೆ ಎಂಜಿನ್ ಬಿಸಿಯೇ ಆಗಿರಲ್ಲ, ಸುಡೋಕೆ ಶುರು ಮಾಡಿದ್ರೂ ಅರ್ಧಕ್ಕೆ ನಿಲ್ಲುತ್ತೆ. ಹೀಗೆ ಮತ್ತೆ ಮತ್ತೆ ಆದ್ರೆ ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರ್ಕೊಳ್ಳುತ್ತೆ. ನನ್ನ ಹತ್ರ ಬರೋ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿದ್ರೆ ಆಯಿಲ್ ಮ್ಯಾಕ್ಸಿಮಮ್ ಗೆರೆಗಿಂತ ಮೇಲೆ ಏರಿರುತ್ತೆ, ಮೂಸಿದ್ರೆ ಡೀಸೆಲ್ ವಾಸನೆ. ಓನರ್‌ಗೆ ಆಯಿಲ್ ಜಾಸ್ತಿ ಇದೆ ಒಳ್ಳೇದೇ ಅಲ್ವಾ ಅನ್ಸುತ್ತೆ, ಒಳ್ಳೇದಲ್ಲ, ಆಯಿಲ್ ತೆಳ್ಳಗಾಗಿದೆ ಅಂತ ಅರ್ಥ.

ಹಾಗಂತ ಡೀಸೆಲ್ ಬೇಡವೇ ಬೇಡ ಅನ್ನಲ್ಲ. ನೀವು ತಿಂಗಳಿಗೆ ಒಂದೆರಡು ಸಲ ಘಾಟಿ ಇಳಿದು ಹತ್ತಿ ಬರ್ತೀರಲ್ಲ, ಅದು ಫಿಲ್ಟರ್‌ಗೆ ಒಳ್ಳೇದು. ನಡುವೆ ವಾರಕ್ಕೊಂದ್ಸಲ ಬೈಪಾಸ್ ಕಡೆ ಚನ್ನರಾಯಪಟ್ಟಣದ ತನಕ ಓಡಿಸ್ಕೊಂಡು ಬರೋ ಅಭ್ಯಾಸ ಇದ್ರೆ ತಗೊಳ್ಳಿ. ಡಿಪಿಎಫ್ ಲೈಟ್ ಬಂದಾಗ ನಾಳೆ ನೋಡೋಣ ಅನ್ನಬಾರದು, ಅದೇ ದಿನ ಹೈವೇಗೆ ಹೋಗ್ಬೇಕು. ಆಗಲ್ಲ ಅಂದ್ರೆ ಪೆಟ್ರೋಲ್ ಅಥವಾ ಹೈಬ್ರಿಡ್.

ಹಳೇ ಕ್ರಿಸ್ಟಾ ಗಟ್ಟಿ ಗಾಡಿ, ಎರಡು ಮಾತಿಲ್ಲ. ಆದ್ರೆ ತಗೊಳ್ಳೋದಾದ್ರೆ ಬಿಳಿ ಬೋರ್ಡ್ ಇದೆ ಅಂತ ನಂಬಬೇಡಿ, ಹಳದಿ ಬೋರ್ಡ್‌ನಿಂದ ಬದಲಾಗಿದ್ಯಾ ಅಂತ ಆರ್‌ಸಿ ಹಿಸ್ಟರಿ ನೋಡಿ. ಸ್ಟಿಯರಿಂಗ್ ಮೇಲಿನ ಲೆದರ್, ಕ್ಲಚ್ ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಬಲ ಅಂಚು, ಈ ಮೂರೂ ಸವೆದಿದ್ದು ಮೀಟರಲ್ಲಿ ಕಿಲೋಮೀಟರ್ ಕಮ್ಮಿ ತೋರಿಸ್ತಿದ್ರೆ ಮಾತು ಮುಂದುವರಿಸಬೇಡಿ.

ಹಾಸನ_ರಸ್ತೆ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಶೋರೂಮಲ್ಲಿ ಡಿಪಿಎಫ್ ಅಂತ ಒಂದಿದೆ ಅನ್ನೋದೇ ಬಾಯಿ ಬಿಡ್ಲಿಲ್ಲ. ನಿನ್ನೆ ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಕಾರೆನ್ಸ್‌ಗೆ ಸಲೀಸಾಗಿ ಕೂತ್ರು. ಹೈಕ್ರಾಸ್‌ಗೂ ಕೂತ್ರು, ಅಲ್ಲಿ ಜಾಗ ನೋಡಿ ಖುಷಿಪಟ್ರು, ಕಾಲು ಚಾಚಬಹುದು ಅಂತ. ಪರಿಚಯದವರ ಕ್ರಿಸ್ಟಾಗೆ ಹತ್ತೋಕೆ ನಾನೇ ಎತ್ತಬೇಕಾಯ್ತು, ಹಾಗಾಗಿ ಅದು ಲಿಸ್ಟಿಂದ ಹೋಯ್ತು.

ಈಗ ಉಳಿದಿದ್ದು ಎರಡು ಪ್ರಶ್ನೆ. ಹೈಬ್ರಿಡ್‌ಗೆ ಕರ್ನಾಟಕದಲ್ಲಿ ಟ್ಯಾಕ್ಸ್ ರಿಯಾಯಿತಿ ಏನಾದ್ರೂ ಇದ್ಯಾ? ಮತ್ತೆ ಮಗನಿಗೆ ಘಾಟಿಲಿ ವಾಂತಿ ಆಗುತ್ತೆ, ಅವನನ್ನ ಎಲ್ಲಿ ಕೂರಿಸೋದು?

ಹುಬ್ಬಳ್ಳಿ_ಮಂದಿ

ಟ್ಯಾಕ್ಸಿಂದು ನಾ ಹೇಳ್ತೇನ್ರಿ. ರಿಯಾಯಿತಿ ಗಿಯಾಯಿತಿ ಏನೂ ಇಲ್ರಿ, ಹೈಬ್ರಿಡ್ ಇರ್ಲಿ ಪೆಟ್ರೋಲ್ ಇರ್ಲಿ ಒಂದ ಲೆಕ್ಕ. ಉತ್ತರ ಪ್ರದೇಶದಾಗ 2024ರಾಗ ಸ್ಟ್ರಾಂಗ್ ಹೈಬ್ರಿಡ್‌ಗೆ (ಹೈಕ್ರಾಸ್‌ದು ಇಂಥದ್ದ) ನೋಂದಣಿ ತೆರಿಗಿ ಬಿಟ್ರು, ನಮ್ಮಲ್ಲಿ ಹಂಗಿಲ್ಲ. ನಮ್ಮ ರಾಜ್ಯದಾಗ 10ರಿಂದ 20 ಲಕ್ಷದ ಗಾಡಿಗೆ ಶೇ. 17, 20 ಲಕ್ಷ ದಾಟಿದ್ರ ಶೇ. 18 ಲೈಫ್ ಟ್ಯಾಕ್ಸ್, ಆ ಟ್ಯಾಕ್ಸಿನ ಮ್ಯಾಲೆ ಮತ್ತ ಶೇ. 11 ಸೆಸ್. ಎಕ್ಸ್‌ಶೋರೂಮ್ 26 ಲಕ್ಷದ ಗಾಡಿ ಅಂತ ಹಿಡೀರಿ, ಟ್ಯಾಕ್ಸ್ 4,68,000, ಸೆಸ್ 51,480, ಎರಡೂ ಕೂಡಿ 5,19,480 ರೂಪಾಯಿ. ಇನ್ಶೂರೆನ್ಸ್ ಬ್ಯಾರೆ. ಅದ ಎಕ್ಸ್‌ಶೋರೂಮ್ 18 ಲಕ್ಷದ್ದಾದ್ರ ಕೂಡಿ 3,39,660. ಬರೇ ಟ್ಯಾಕ್ಸಿನಾಗ ಪೌಣೆ ಎರಡು ಲಕ್ಷಕ್ಕಿಂತ ಹೆಚ್ಚ ಫರಕ್ ಬಿತ್ತು ನೋಡ್ರಿ. ನಿಮ್ಮ ತಿಂಗಳದ ಓಡಾಟಕ್ಕ ಹೈಬ್ರಿಡ್ ಉಳಿಸೋ ಎಣ್ಣಿ ಈ ರೊಕ್ಕ ತುಂಬಸ್ಲಿಕ್ಕೆ ಬಾಳ ವರ್ಷ ಬೇಕು. ಆರಾಮಕ್ಕ, ಸಪ್ಪಳಿಲ್ಲದ್ದಕ್ಕ ತಗೊಳ್ಳೂದಾದ್ರ ತಗೋರಿ, ಉಳಿತಾಯದ ಲೆಕ್ಕಕ್ಕ ಬ್ಯಾಡ್ರಿ.

ಇನ್ನೊಂದ ಮಾತು. ಮಕ್ಕಳನ್ನ ಹಿಂದ ಕೂರಸ್ತೀರಿ ಅಂದ್ರ ಕರ್ಟನ್ ಏರ್‌ಬ್ಯಾಗ್ (ಕಿಟಕಿ ಬದಿಗೆ ಇಳಿಯೂವು) ಮೂರನೇ ಸಾಲಿನ ತನಕ ಅದಾವೋ ಇಲ್ಲೋ ವೇರಿಯಂಟ್ ಹಾಳಿಯೊಳಗ ನೋಡ್ರಿ. ಕಾರೆನ್ಸ್‌ಗೆ ಬಿಡುಗಡೆ ಆದಾಗಿಂದ ಎಲ್ಲಾ ವೇರಿಯಂಟ್‌ಗೂ 6 ಏರ್‌ಬ್ಯಾಗ್ ಅದಾವ. ಬ್ಯಾರೆ ಗಾಡಿಗಳೊಳಗ ಕೆಳಗಿನ ವೇರಿಯಂಟ್‌ಗೆ ಇದ್ದಾವಂತ ತಿಳ್ಕೋಬ್ಯಾಡ್ರಿ, ಕೇಳ್ರಿ, ಬರದ ತಗೋರಿ.

ಕುಡ್ಲದ_ಗಾಡಿ

ವಾಂತಿ ಮಾಡುವ ಮಗುವನ್ನು ಮೂರನೇ ಸಾಲಿಗೆ ಹಾಕ್ಲೇಬೇಡಿ. ಹಿಂದಿನ ಚಕ್ರದ ಮೇಲೆಯೇ ಕೂತ ಹಾಗೆ, ತಿರುವಲ್ಲಿ ಓಲಾಟ ಅಲ್ಲಿಯೇ ಜಾಸ್ತಿ, ಕಿಟಕಿಯೂ ಸಣ್ಣದು. ನಡು ಸಾಲಲ್ಲಿ ಐಸೋಫಿಕ್ಸ್ (ಗಾಡಿ ಸೀಟಿನ ಕೊಂಡಿಗೆ ಸಿಕ್ಕಿಸುವ) ಚೈಲ್ಡ್ ಸೀಟ್ ಹಾಕಿ, ಎದುರಿನ ಗಾಜಿಂದ ರಸ್ತೆ ಕಾಣ್ಬೇಕು ಅವನಿಗೆ. ಮೊಬೈಲ್ ಕೈಗೆ ಕೊಡ್ಬೇಡಿ. ಹಾಗಾದ್ರೆ ಅವನೂ ನಿಮ್ಮ ಅಮ್ಮನೂ ನಡುವೆ, ಅಪ್ಪ ಮುಂದೆ ನಿಮ್ಮ ಪಕ್ಕ, ನಿಮ್ಮ ಹೆಂಡತಿ ಮಗಳು ಹಿಂದೆ. ಈಗ ಯೋಚನೆ ಮಾಡಿ, ಪ್ರತಿ ಸಲ ಮೂರನೇ ಸಾಲಲ್ಲಿ ಕೂರುವುದು ನಿಮ್ಮ ಹೆಂಡತಿ. ಅವರನ್ನು ಕೂರಿಸಿ ನೋಡಿದ್ರಾ? ನಮ್ಮ ಮನೆಯಲ್ಲಿ ನಾವು 5 ಜನ, ಹಾಗಾಗಿ ಕಾರೆನ್ಸ್ ಸಾಕಾಗ್ತದೆ. ನಿಮಗೆ ಒಟ್ಟಿಗೆ ಹೋಗುವುದು 6 ಜನ ಅಂದ್ರೆ ನಾನೇ ಹೈಕ್ರಾಸ್ ಅಂತ ಹೇಳುದು.

ತುಂಗಾತೀರ

ಹೌದು, ಇದು ಸರಿಯಾದ ಮಾತು. ಹೈಕ್ರಾಸ್ ವೀಲ್‌ಬೇಸ್ 2850, ಆ ಜಾಗ ಹಿಂದೆ ಕೂತೋರಿಗೇ ಸಿಗೋದು.

ತೋಟದ ಏರು ಬಗ್ಗೆ ಒಂದು ಎಚ್ಚರ. ಎರಡೂ ಫ್ರಂಟ್ ವೀಲ್ ಡ್ರೈವ್. 6 ಜನ ಕೂತು ಹಿಂದೆ ಲಗೇಜ್ ತುಂಬಿ ಕಡಿದಾದ ಏರು ಹತ್ತುವಾಗ ಭಾರ ಎಲ್ಲಾ ಹಿಂದಕ್ಕೆ ಬೀಳುತ್ತೆ, ಎಳೆಯೋ ಮುಂದಿನ ಚಕ್ರ ಹಗುರ ಆಗಿ ಕೆಸರಲ್ಲಿ ಸುಮ್ನೆ ಸುತ್ತುತ್ತೆ. ಕ್ರಿಸ್ಟಾ ಇಂಥ ಕಡೆ ಚೆನ್ನಾಗಿ ಹತ್ತುತ್ತೆ, ಅದು ಹಿಂದಿನ ಚಕ್ರದಿಂದ ತಳ್ಳೋದು. ನೀವು ಆ ಒಂದು ಕಿಲೋಮೀಟರ್‌ಗೆ ಎರಡು ಲೋಡ್ ಜಲ್ಲಿ ಹಾಕಿಸಿ, ಚಕ್ರ ಹೋಗೋ ಜಾಡಿಗೆ ಮಾತ್ರ ಹಾಕಿದ್ರೂ ಸಾಕು. ಮಳೆಗಾಲದಲ್ಲಿ ಗಾಡಿ ಕೆಳಗೇ ನಿಲ್ಸಿ.

ಹಾಸನ_ರಸ್ತೆ

ಹೆಂಡ್ತಿನ ಕೂರಿಸಿ ನೋಡಿರ್ಲಿಲ್ಲ, ಭಾನುವಾರ ಎಲ್ಲರೂ ಹೋಗ್ತೀವಿ. ಸದ್ಯಕ್ಕೆ ಹೈಕ್ರಾಸ್ ಪೆಟ್ರೋಲ್ ಕಡೆ ಮನಸ್ಸು ವಾಲಿದೆ, ಹೈಬ್ರಿಡ್‌ಗೆ ಇನ್ನೊಂದು ಸಲ ಲೋನ್ ಲೆಕ್ಕ ಹಾಕ್ತೀನಿ. ಸ್ಪ್ಯಾನರ್ ಅಣ್ಣ, ಫುಲ್ ಲೋಡಲ್ಲಿ ಆಟೋಮ್ಯಾಟಿಕ್ ಗಾಡಿನ ಶಿರಾಡಿ ಇಳಿಸೋದು ಹೇಗೆ? ಇಲ್ಲಿವರೆಗೂ ಗೇರ್ ಗಾಡಿನೇ ಓಡಿಸಿರೋದು.

ಸ್ಪ್ಯಾನರ್_ಅಣ್ಣ

ಕೇಳಿದ್ದು ಒಳ್ಳೇದಾಯ್ತು. ಘಾಟಿ ಇಳಿದು ಬಂದು "ಚಕ್ರದಿಂದ ಹೊಗೆ ಬರ್ತಿದೆ" ಅಂತ ಫೋನ್ ಮಾಡೋರು ಮುಕ್ಕಾಲು ಪಾಲು ಹೊಸದಾಗಿ ಆಟೋಮ್ಯಾಟಿಕ್ ತಗೊಂಡೋರು. ಗೇರ್ ಡಿಯಲ್ಲೇ (ಮಾಮೂಲಿ ಡ್ರೈವ್) ಇಟ್ಟು ಬ್ರೇಕ್ ಮೇಲೇ ಕಾಲಿಟ್ಟು ಇಳಿಸ್ತಾರೆ. ದೋಣಿಗಲ್ ದಾಟಿ ಇಳಿಜಾರು ಶುರುವಾಗೋ ಮುಂಚೆಯೇ ಮ್ಯಾನುಯಲ್ ಮೋಡ್ ಅಥವಾ ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ ಕೆಳಗಿನ ಗೇರ್‌ಗೆ ತನ್ನಿ, ಎಂಜಿನ್ ಸದ್ದು ಏರುತ್ತೆ, ಏರ್ಲಿ, ಗಾಡಿನ ಹಿಡಿಯೋದು ಅದೇ. ಬ್ರೇಕ್ ಒತ್ತಿದ್ರೆ ಗಟ್ಟಿಯಾಗಿ ಒತ್ತಿ ಸ್ಪೀಡ್ ಇಳಿಸಿ ಪೂರ್ತಿ ಬಿಡಿ, ಸುಮ್ನೆ ಸವರಿಕೊಂಡು ಇರಬೇಡಿ. ಹೈಬ್ರಿಡ್ ತಗೊಂಡ್ರೆ ಉದ್ದ ಇಳಿಜಾರಲ್ಲಿ ಬ್ಯಾಟರಿ ತುಂಬಿದ ಮೇಲೆ ಇದ್ದಕ್ಕಿದ್ದ ಹಾಗೆ ಎಂಜಿನ್ ಜೋರಾಗಿ ತಿರುಗೋ ಸದ್ದು ಬರುತ್ತೆ, ಹೆದರಬೇಡಿ, ಚಾರ್ಜ್ ತುಂಬೋಕೆ ಜಾಗ ಇಲ್ಲದೆ ಎಂಜಿನ್ನಿಂದ ಹಿಡಿತಾ ಇದೆ ಅಷ್ಟೇ.

ಹೊರಡೋ ಮುಂಚೆ ಡ್ರೈವರ್ ಡೋರ್ ತೆಗೆದ್ರೆ ಕಂಬದ ಮೇಲೆ ಸ್ಟಿಕ್ಕರ್ ಕಾಣುತ್ತೆ, ಅದ್ರಲ್ಲಿ ಫುಲ್ ಲೋಡ್‌ಗೆ ಗಾಳಿ ಎಷ್ಟು ಅಂತ ಬೇರೆಯೇ ಬರೆದಿದ್ರೆ ಅಷ್ಟು ಹಾಕಿಸಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಹಾಕಿಸಿ. ಮೊದಲನೇ ಸಲ ಹಗಲಲ್ಲೇ ಇಳೀರಿ, ಮಳೆ ಇಲ್ಲದ ದಿನ ನೋಡಿ.