ಅಪ್‌ಡೇಟ್: ಮೂತಿ ಎತ್ತಿಕೊಂಡೇ ನಿಂತಿದ್ದ ಹಳೆಯ ಕಾರು
ಮುಂಭಾಗದ ಸಸ್ಪೆನ್ಷನ್ನನ್ನು ಹೊಸ ರಬ್ಬರ್ ಬುಷ್‌ಗಳೊಂದಿಗೆ (ಕೀಲುಗಳಲ್ಲಿ ಕೂರುವ ರಬ್ಬರ್ ಕೊಳವೆಗಳು) ಮರುಜೋಡಿಸಿದ ಮೇಲೆ ನನ್ನ ಹಳೆಯ ಕಾರಿನ ಮೂತಿ ಎತ್ತರದಲ್ಲೇ ನಿಲ್ಲುವುದೇಕೆಂದು ಕೇಳಿದ್ದೆ. ಸ್ಪ್ರಿಂಗ್ ಮೇಲಿದ್ದ ನನ್ನ ಗುಮಾನಿ ಸುಳ್ಳಾಯಿತು. ಕಾರು ಸ್ಟ್ಯಾಂಡ್ ಮೇಲಿದ್ದು ಚಕ್ರಗಳನ್ನು ಹಿಡಿಯುವ ತೋಳುಗಳು ಜೋತುಬಿದ್ದಿದ್ದಾಗಲೇ ನಾನು ಕೆಳತೋಳಿನ ಬೋಲ್ಟ್‌ಗಳನ್ನು ಪೂರ್ತಿ ಬಿಗಿದಿದ್ದೆ. ಈ ಬಗೆಯ ಬುಷ್‌ನಲ್ಲಿ ರಬ್ಬರ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಆದ್ದರಿಂದ ಕಾರು ನೆಲಕ್ಕಿಳಿದ ಮೇಲೆ ಆ ತಿರುಚಿದ ರಬ್ಬರೇ ತೋಳನ್ನು ಕೆಳಕ್ಕೆ ಒತ್ತುತ್ತಾ ಮೂತಿಯನ್ನು ಎತ್ತಿ ಹಿಡಿದಿತ್ತು. ಒಂದು ಬುಷ್‌ನ ಅಂಚಿನಲ್ಲಿ ಆಗಲೇ ಕೂದಲೆಳೆಯಷ್ಟು ಬಿರುಕು ಕಂಡಿದ್ದರಿಂದ ಅದನ್ನು ಬದಲಿಸಿದೆ. ಬೋಲ್ಟ್‌ಗಳನ್ನು ಸಡಿಲಿಸಿ, ಚಕ್ರಗಳ ಮೇಲೆ ಪೂರ್ತಿ ಭಾರ ಬಿಟ್ಟು, ಮೂತಿಯನ್ನು ನಾಲ್ಕಾರು ಬಾರಿ ಅದುಮಿದ ನಂತರವೇ, ನಿಗದಿತ ಬಲಕ್ಕೆ ಬಿಗಿಯುವ ಟಾರ್ಕ್ ವ್ರೆಂಚ್‌ನಿಂದ ಬಿಗಿದೆ. ತೋಳನ್ನು ಚಕ್ರದ ಭಾಗಕ್ಕೆ ಸೇರಿಸುವ ಬಾಲ್ ಜಾಯಿಂಟ್‌ನ ನಟ್ಟಿನ ಸೀಳಿಗೆ, ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ರಂಧ್ರ ಹೊಂದದಿದ್ದಾಗ, ಸಡಿಲಿಸದೆ, ಮುಂದಿನ ಸೀಳಿನವರೆಗೆ ಬಿಗಿದೆ. ಚಕ್ರಗಳ ಟೋ (ಅವು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಹೊಂದಾಣಿಕೆಯಷ್ಟೇ ಬಾಕಿಯಿದೆ.