ಪೆನಾಂಗ್‌ನ ನೀಲಿ ಮನೆಗೆ ಯಾಕೆ ಸುಣ್ಣವನ್ನೇ ಬಳಿದರು?

ಬಂದರು ಬೀದಿ:
ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನ್‌ನಲ್ಲಿ ಹಿಂದಿನ ಕಾಲದ ಚೀನೀ ವ್ಯಾಪಾರಿ ಚಿಯೋಂಗ್ ಫಾಟ್ ಟ್ಸೆ ಅವರ ನೀಲಿ ಮನೆ ನೋಡಿ ಬಂದೆ. 38 ಕೋಣೆ, 5 ಒಳಾಂಗಳ, 220 ಕಿಟಕಿ. ಗೋಡೆಯ ನೀಲಿ ಪೇಂಟ್ ಅಲ್ಲ, ಸುಣ್ಣಕ್ಕೆ ನೀಲಿ ಗಿಡದ ಬಣ್ಣ ಸೇರಿಸಿ ಬಳಿದದ್ದು ಅಂದರು. ದುರಸ್ತಿಯಲ್ಲೂ ಸುಣ್ಣವನ್ನೇ ಬಳಸಿದ್ದಾರಂತೆ. ಅಷ್ಟು ಖರ್ಚು ಮಾಡಿದವರು ಬಾಳಿಕೆ ಬರುವ ಪೇಂಟ್ ಯಾಕೆ ಹಚ್ಚಲಿಲ್ಲ? ಕೇಳಲು ಕಾರಣ ಇದೆ. ಮಂಗಳೂರಲ್ಲಿ ನಮ್ಮ ಅಜ್ಜಿ ಮನೆ ಕೆಂಪುಕಲ್ಲಿನದು, ಸುಣ್ಣದ ಗಾರೆ ಉದುರುತ್ತಿದೆ. ಎಲ್ಲ ಕೆತ್ತಿ ಸಿಮೆಂಟ್ ಮಾಡಿಸಿ ಅಂತ ಕಂಟ್ರಾಕ್ಟರ್ ಹೇಳುತ್ತಿದ್ದಾರೆ.

ಗಾರೆ ಮನೆ:
ದಯವಿಟ್ಟು ಈಗಲೇ ಕೆತ್ತಿಸಬೇಡಿ. ನಾನು ಹಳೆ ಮನೆಗಳ ದುರಸ್ತಿ ಮಾಡಿಸುವವಳು, ಇಂಥದ್ದು ಕೇಳಿದರೆ ಸಂಕಟ ಆಗುತ್ತದೆ. ಪೆನಾಂಗ್ ಹವೆ ನಮ್ಮ ಕರಾವಳಿಯದ್ದೇ ಥರ. ಮಳೆ, ಸೆಕೆ, ಉಪ್ಪು ಗಾಳಿ. ಹಳೆ ಗೋಡೆ ನೆಲದಿಂದ ನೀರು ಎಳೆಯುತ್ತದೆ. ಸುಣ್ಣದಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ, ತೇವ ಅಲ್ಲಿಂದ ಆವಿಯಾಗಿ ಹೋಗುತ್ತದೆ. ಮೇಲೆ ಸಿಮೆಂಟೋ ಪ್ಲಾಸ್ಟಿಕ್ ಪೇಂಟೋ ಬಂದರೆ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು ಉಪ್ಪು ಕಟ್ಟುತ್ತದೆ. ಆಮೇಲೆ ಪದರ ಉಬ್ಬಿ, ಕಲ್ಲಿನ ಮೈಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಸುಣ್ಣವನ್ನು ಆಗಾಗ ಬಳಿಯಬೇಕು, ನಿಜ. ಆದರೆ ಅದರಿಂದ ಗೋಡೆಗೆ ಪೆಟ್ಟಿಲ್ಲ.

ಆ ಮನೆ ಉಳಿದದ್ದೇ ದೊಡ್ಡದು. ಯಜಮಾನರು 1916ರಲ್ಲಿ ತೀರಿಕೊಂಡರು. ಬರಬರುತ್ತಾ ಬಾಡಿಗೆಯವರು ತುಂಬಿ ಮನೆ ಹಾಳುಬಿತ್ತು. ಕೊನೆಗೆ ಪೆನಾಂಗ್‌ನವರೇ ಕೆಲವರು ಸೇರಿ ಕೊಂಡರು, ಆರ್ಕಿಟೆಕ್ಟ್ ಲಾರೆನ್ಸ್ ಲೋ ಮುಂದೆ ನಿಂತು ಸರಿ ಮಾಡಿಸಿದರು. 2000ದಲ್ಲಿ ಅದಕ್ಕೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು. ಊರು ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 2008ರಲ್ಲಿ. ಮನೆಯೇ ಮೊದಲು, ನೋಡಿ!

ಕಡಲಾಚೆ:
ನಾನು ಪೆನಾಂಗ್‌ನಲ್ಲೇ ಇದ್ದೇನೆ. ಆ ನೀಲಿ ಬಣ್ಣ ಆಗ ಹಡಗಿನಲ್ಲಿ ಭಾರತದಿಂದಲೇ ಬರುತ್ತಿತ್ತು. ಮುಂದಿನ ಸಲ ಬಂದರೆ ತಲೆಯೆತ್ತಿ ಮಾಡಿನ ಅಂಚು ನೋಡಿ. ಬಣ್ಣದ ಪಿಂಗಾಣಿ ಬಟ್ಟಲುಗಳನ್ನು ಕತ್ತರಿಸಿ, ಚೂರು ಜೋಡಿಸಿ ಹೂವು, ಹಕ್ಕಿ ಮಾಡಿದ್ದಾರೆ. ಹೆಚ್ಚಿನವರು ನೀಲಿ ಗೋಡೆ ಮುಂದೆ ಫೋಟೋ ತೆಗೆದು ಹೊರಟುಬಿಡುತ್ತಾರೆ.

ಬಂದರು ಬೀದಿ:
ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ ಈಗ ಮೊದಲು ಏನು ಮಾಡಲಿ?

ಗಾರೆ ಮನೆ:
ನೀರು ಎಲ್ಲಿಂದ ಬರುತ್ತಿದೆ ನೋಡಿ. ಹಂಚು ಒಡೆದಿದೆಯಾ? ಮಾಡಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದೆಯಾ? ಅದನ್ನು ಸರಿ ಮಾಡಿ, ಗೋಡೆ ಪೂರ್ತಿ ಒಣಗಲಿ. ಆಮೇಲೆ ಉದುರಿದ ಜಾಗಕ್ಕೆ ಮಾತ್ರ ಸುಣ್ಣ-ಮರಳಿನ ಗಾರೆ ಹಾಕಿಸಿ. ಗಟ್ಟಿ ಇರುವುದನ್ನು ಸುಮ್ನೆ ಮುಟ್ಟಬೇಡಿ.