ಉತ್ತರಾಯಣ ಬಂದ ಮೇಲೂ ಸೂರ್ಯೋದಯ ತಡವಾಗುತ್ತಲೇ ಹೋಗುವುದೇಕೆ?

ಪ್ರಶ್ನೆ: ಹಿಪ್ಪುನೇರಳೆ ತೋಟ, ಮುಳಬಾಗಿಲು

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಡೇರಿಗೆ ಬೆಳಗಿನ ಹಾಲು ಹಾಕುವವರಿಗೆ ಗಡಿಯಾರದ ಸಮಯ ವರ್ಷವಿಡೀ ಒಂದೇ ಆಗಿರುವುದರಿಂದ, ಯಾವ ತಿಂಗಳಲ್ಲಿ ಕ್ಯಾನು ಹಿಡಿದು ಹೊರಟಾಗ ಬೆಳಕು ಹರಿದಿರುತ್ತದೆ, ಯಾವ ತಿಂಗಳಲ್ಲಿ ಟಾರ್ಚು ಬೇಕಾಗುತ್ತದೆ ಎಂಬುದು ತಾನಾಗಿಯೇ ಗಮನಕ್ಕೆ ಬರುತ್ತದೆ. ಡಿಸೆಂಬರ್ 21 ಅಥವಾ 22 ವರ್ಷದ ಅತಿ ಚಿಕ್ಕ ಹಗಲು, ಅಲ್ಲಿಂದ ಹಗಲು ಬೆಳೆಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಅಂದಿನಿಂದ ಸೂರ್ಯ ಬೇಗ ಬೇಗ ಹುಟ್ಟಬೇಕು. ಆದರೆ ನಮ್ಮಲ್ಲಿ ಅತಿ ಕತ್ತಲಾಗಿರುವ ಮುಂಜಾವುಗಳು ಸಂಕ್ರಾಂತಿ ಕಳೆದ ಮೇಲೆ, ಜನವರಿಯ ಕೊನೆಯ ವಾರದಲ್ಲಿ ಬರುತ್ತವೆ. ಮೊಬೈಲಿನಲ್ಲಿ ನೋಡಿದರೂ ಅದೇ ಕಾಣುತ್ತದೆ: ಕೋಲಾರದಲ್ಲಿ ಡಿಸೆಂಬರ್ 21ರಂದು ಸೂರ್ಯೋದಯ ಸುಮಾರು 6.35ಕ್ಕೆ, ಜನವರಿ 26ರಂದು ಸುಮಾರು 6.45ಕ್ಕೆ. ಸಂಜೆಯ ಲೆಕ್ಕ ಇನ್ನೂ ವಿಚಿತ್ರವಾಗಿದೆ. ಅತಿ ಬೇಗ ಹೊತ್ತು ಮುಳುಗುವುದು ಡಿಸೆಂಬರಿನಲ್ಲಿ ಅಲ್ಲ, ನವೆಂಬರ್ 20ರ ಸುಮಾರಿಗೆ.

ಹಗಲು ಬೆಳೆಯುತ್ತಿರುವಾಗ ಬೆಳಗು ಹಿಂದೆ ಬೀಳುವುದು ಹೇಗೆ ಸಾಧ್ಯ? ಬೆಟ್ಟಗುಡ್ಡಗಳ ಮರೆಯಿಂದ ಹೀಗಾಗುತ್ತದೆ ಎಂದು ಒಬ್ಬರು ಹೇಳಿದರು; ಆದರೆ ಬಯಲುಸೀಮೆಯ ಊರುಗಳ ಪಟ್ಟಿಯಲ್ಲೂ ಇದೇ ಇದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ನಿವೃತ್ತ ಭೌತವಿಜ್ಞಾನ ಮೇಷ್ಟರು, ತುಮಕೂರು

ನೀವು ಗಮನಿಸಿರುವುದು ಪೂರ್ತಿ ಸರಿ, ಬೆಟ್ಟಗಳಿಗೂ ಇದಕ್ಕೂ ಸಂಬಂಧವಿಲ್ಲ. ಹಗಲಿನ ಉದ್ದ ಬೇರೆ, ಆ ಹಗಲು ಗಡಿಯಾರದ ಮೇಲೆ ಎಲ್ಲಿ ಕುಳಿತಿದೆ ಎಂಬುದು ಬೇರೆ. ಡಿಸೆಂಬರ್ ಕೊನೆಯಲ್ಲಿ ಮತ್ತು ಜನವರಿಯಲ್ಲಿ ಹಗಲು ನಿಧಾನವಾಗಿ ಉದ್ದವಾಗುತ್ತಿರುವಾಗಲೇ ಇಡೀ ಹಗಲು, ಅದರ ನಡು ಮಧ್ಯಾಹ್ನದ ಸಮೇತ, ಗಡಿಯಾರದಲ್ಲಿ ಮುಂದಕ್ಕೆ ಸರಿಯುತ್ತಿರುತ್ತದೆ. ಸರಿಯುವ ವೇಗ ಉದ್ದವಾಗುವ ವೇಗಕ್ಕಿಂತ ಹೆಚ್ಚು. ಹಾಗಾಗಿ ಬೆಳಗು ತಡವಾಗುತ್ತದೆ.

ಸರಿಯುವುದೇಕೆ ಎಂಬುದೇ ಇಲ್ಲಿ ಮುಖ್ಯ ವಿಷಯ. ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡು ನೋಡಿದರೆ ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ಸುತ್ತಲು 24 ಗಂಟೆ ತೆಗೆದುಕೊಳ್ಳುವುದಿಲ್ಲ, 23 ಗಂಟೆ 56 ನಿಮಿಷ 4 ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಅದು ಸೂರ್ಯನ ಸುತ್ತಲಿನ ದಾರಿಯಲ್ಲಿ ಸುಮಾರು ಒಂದು ಡಿಗ್ರಿ ಮುಂದೆ ಹೋಗಿರುತ್ತದೆಯಾದ್ದರಿಂದ, ಸೂರ್ಯ ಮತ್ತೆ ನಮ್ಮ ನೆತ್ತಿಯ ಗೆರೆಗೆ ಬರಬೇಕಾದರೆ ಭೂಮಿ ಇನ್ನೂ ಸ್ವಲ್ಪ, ಸುಮಾರು ನಾಲ್ಕು ನಿಮಿಷದಷ್ಟು, ಹೆಚ್ಚಿಗೆ ತಿರುಗಬೇಕು. ಒಂದು ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನದವರೆಗಿನ ಈ ಅವಧಿಯೇ ಸೌರದಿನ. ನಮ್ಮ ಗಡಿಯಾರದ 24 ಗಂಟೆ ಎಂಬುದು ವರ್ಷದ ಎಲ್ಲ ಸೌರದಿನಗಳ ಸರಾಸರಿ ಮಾತ್ರ. ಸೂರ್ಯ ಆ ಸರಾಸರಿಯನ್ನು ದಿನವೂ ಪಾಲಿಸುವುದಿಲ್ಲ, ಏಕೆಂದರೆ ಆ ಹೆಚ್ಚುವರಿ ತಿರುಗು ದಿನದಿಂದ ದಿನಕ್ಕೆ ಬದಲಾಗುತ್ತದೆ.

ಬದಲಾಗಲು ಕಾರಣ ಎರಡು. ಭೂಮಿಯ ಕಕ್ಷೆ ದೀರ್ಘವೃತ್ತ ಎಂಬುದು ಒಂದು. ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.71 ಕೋಟಿ ಕಿಲೋಮೀಟರ್ ದೂರದಲ್ಲಿ ಇರುತ್ತದೆ. ಜುಲೈ ಮೊದಲ ವಾರದಲ್ಲಿ ಸುಮಾರು 15.21 ಕೋಟಿ ಕಿಲೋಮೀಟರ್ ದೂರದಲ್ಲಿ. ಹತ್ತಿರವಿದ್ದಾಗ ಅದು ಬೇಗ ಸಾಗುತ್ತದೆ ಎಂಬುದನ್ನು ಕೆಪ್ಲರ್ 1609ರಲ್ಲಿಯೇ ತೋರಿಸಿಕೊಟ್ಟಿದ್ದಾನೆ. ಜನವರಿಯಲ್ಲಿ ಸೆಕೆಂಡಿಗೆ 30.3 ಕಿಲೋಮೀಟರ್, ಜುಲೈನಲ್ಲಿ 29.3. ಬೇಗ ಸಾಗಿದಷ್ಟೂ ಹೆಚ್ಚುವರಿ ತಿರುಗು ಹೆಚ್ಚು, ದಿನ ಉದ್ದ.

ಎರಡನೆಯ ಕಾರಣ ಅಕ್ಷದ 23.4 ಡಿಗ್ರಿ ಓರೆ, ಮತ್ತು ಇದರ ಪಾಲೇ ದೊಡ್ಡದು. ಓರೆಯಿಂದ ಋತುಗಳು ಆಗುತ್ತವೆ ಎಂಬುದನ್ನು ಎಲ್ಲರೂ ಬಲ್ಲರು. ಅದೇ ಓರೆ ಗಡಿಯಾರವನ್ನೂ ಕದಲಿಸುತ್ತದೆ ಎಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಒಂದು ಸಿಹಿಗುಂಬಳಕಾಯಿಯನ್ನು ನೆನೆಯಿರಿ. ಅದರ ಉದ್ದ ಗೀರುಗಳ ನಡುವಿನ ಅಂತರ ಹೊಟ್ಟೆಯ ಭಾಗದಲ್ಲಿ ಅಗಲ, ತೊಟ್ಟಿನ ಕಡೆಗೆ ಕಿರಿದು. ಆಕಾಶಕ್ಕೂ ಹೀಗೆಯೇ ಧ್ರುವದಿಂದ ಧ್ರುವಕ್ಕೆ ಗಂಟೆಯ ಗೆರೆಗಳನ್ನು ಎಳೆದಿದ್ದಾರೆ ಎಂದುಕೊಳ್ಳೋಣ. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವಗಳಲ್ಲಿ ಸೂರ್ಯ ಗೆರೆಗಳು ಅಗಲವಾಗಿರುವ ನಡುಭಾಗದಲ್ಲಿ, ಅದೂ ಓರೆಯಾಗಿ ಸಾಗುವುದರಿಂದ, ದಿನಕ್ಕೆ ದಾಟುವ ಅಂತರ ಕಡಿಮೆ. ಡಿಸೆಂಬರ್ ಮತ್ತು ಜೂನ್ ಕೊನೆಯಲ್ಲಿ ಅವನು ನಡುಗೆರೆಯಿಂದ 23.4 ಡಿಗ್ರಿ ಆಚೆ, ಗೆರೆಗಳು ಒತ್ತಾಗಿರುವ ಜಾಗದಲ್ಲಿ, ನೇರವಾಗಿ ಪೂರ್ವಕ್ಕೆ ಸಾಗುತ್ತಾನೆ; ಅದೇ ನಡಿಗೆಯಲ್ಲಿ ಹೆಚ್ಚು ಅಂತರ ದಾಟುತ್ತಾನೆ.

ಡಿಸೆಂಬರ್ ಕೊನೆಯಲ್ಲಿ ಎರಡೂ ಕಾರಣಗಳು ಒಂದೇ ಕಡೆಗೆ ಎಳೆಯುತ್ತವೆ. ಆಗ ಸೌರದಿನ 24 ಗಂಟೆಗಿಂತ ಸುಮಾರು 30 ಸೆಕೆಂಡು ಉದ್ದ. ವರ್ಷದಲ್ಲಿ ಅತಿ ಉದ್ದದ ಸೌರದಿನಗಳು ಇವೇ. ಜೂನ್ ಕೊನೆಯಲ್ಲಿ ಒಂದು ಕಾರಣ ಇನ್ನೊಂದನ್ನು ತಗ್ಗಿಸುವುದರಿಂದ ಹೆಚ್ಚಳ ಸುಮಾರು 13 ಸೆಕೆಂಡು ಮಾತ್ರ. ದಿನಕ್ಕೆ ಅರ್ಧ ನಿಮಿಷ ಎಂದರೆ ಏನು ಮಹಾ ಎನಿಸಬಹುದು, ಆದರೆ ಅದು ದಿನವೂ ಕೂಡುತ್ತಾ ಹೋಗುತ್ತದೆ.

ಈಗ ನಿಮ್ಮ ಕೋಲಾರದ ಲೆಕ್ಕವನ್ನೇ ಮಾಡೋಣ. ಡಿಸೆಂಬರ್ 21ರಂದು ಅಲ್ಲಿ ನಿಜವಾದ ನಡುಮಧ್ಯಾಹ್ನ ಸುಮಾರು 12.16ಕ್ಕೆ, ಜನವರಿ 26ರಂದು ಸುಮಾರು 12.30ಕ್ಕೆ. ಹದಿನಾಲ್ಕು ನಿಮಿಷ ಮುಂದೆ. ಅದೇ ಅವಧಿಯಲ್ಲಿ ಹಗಲು 11 ಗಂಟೆ 21 ನಿಮಿಷದಿಂದ 11 ಗಂಟೆ 30 ನಿಮಿಷಕ್ಕೆ ಏರಿರುತ್ತದೆ. ಆ ಗಳಿಕೆಯಲ್ಲಿ ಅರ್ಧ ಬೆಳಗಿಗೆ, ಅರ್ಧ ಸಂಜೆಗೆ. ಬೆಳಗ್ಗೆ ಹದಿನಾಲ್ಕು ನಿಮಿಷದ ತಡದಿಂದ ಸುಮಾರು ಐದು ನಿಮಿಷ ಕಳೆದರೆ ಹತ್ತಿರ ಹತ್ತಿರ ಹತ್ತು ನಿಮಿಷ ತಡ ಉಳಿಯುತ್ತದೆ. ಸಂಜೆ ಹದಿನಾಲ್ಕಕ್ಕೆ ಐದು ಕೂಡಿ, ಸೂರ್ಯಾಸ್ತ 5.56ರಿಂದ 6.15ಕ್ಕೆ ಹೋಗುತ್ತದೆ. ನವೆಂಬರಿನ ಸಂಜೆಯ ಒಗಟಿಗೂ ಉತ್ತರ ಇಲ್ಲಿಯೇ ಇದೆ: ನವೆಂಬರ್ 20ರ ನಂತರ ಹಗಲು ಇನ್ನೂ ಕುಗ್ಗುತ್ತಿದ್ದರೂ ನಡುಮಧ್ಯಾಹ್ನ ಮುಂದೆ ಸರಿಯುವುದರಿಂದ ಸಂಜೆ ಹಿಗ್ಗತೊಡಗುತ್ತದೆ.

ಉತ್ತರದ ಊರುಗಳಲ್ಲಿ ಇದು ಇಷ್ಟು ಎದ್ದು ಕಾಣುವುದಿಲ್ಲ. ಅಲ್ಲಿ ಹಗಲಿನ ಏರಿಳಿತವೇ ದೊಡ್ಡದಾಗಿ ಈ ಸರಿತವನ್ನು ಬೇಗ ಮೀರುತ್ತದೆ. ಲಂಡನ್ನಿನಲ್ಲಿ ಅತಿ ತಡವಾದ ಸೂರ್ಯೋದಯ ಡಿಸೆಂಬರ್ ಕೊನೆಯಲ್ಲಿಯೇ ಮುಗಿಯುತ್ತದೆ, ದೆಹಲಿಯಲ್ಲಿ ಜನವರಿ ಎರಡನೆಯ ವಾರದಲ್ಲಿ. ನಾವು 13 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ. ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ಹಾಗಾಗಿ ಜನವರಿಯ ಕೊನೆಯವರೆಗೂ ಸರಿತದ್ದೇ ಮೇಲುಗೈ.

ಉತ್ತರ: ಉತ್ತರ ಪಿನಾಕಿನಿ ದಡ, ಗೌರಿಬಿದನೂರು

ಮೇಷ್ಟರು ಹೇಳಿದ 23 ಗಂಟೆ 56 ನಿಮಿಷದ ಮಾತಿಗೆ ನಮ್ಮ ತಾಲ್ಲೂಕಿನಿಂದ ಒಂದು ಸಾಕ್ಷಿ ಸೇರಿಸುತ್ತೇನೆ. ಗೌರಿಬಿದನೂರಿನ ಬಳಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಕೂಡಿ ಕಟ್ಟಿದ ರೇಡಿಯೋ ದೂರದರ್ಶಕವೊಂದು 1976ರಿಂದ ಕೆಲಸ ಮಾಡಿತು. ಕನ್ನಡಿಯೂ ಕೊಳವೆಯೂ ಇಲ್ಲದ ಉಪಕರಣ ಅದು: ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ, ಪೂರ್ವ–ಪಶ್ಚಿಮವಾಗಿ 1.38 ಕಿಲೋಮೀಟರ್, ದಕ್ಷಿಣಕ್ಕೆ 0.45 ಕಿಲೋಮೀಟರ್ ಉದ್ದಕ್ಕೆ ನೆಲದಲ್ಲಿ ನೆಟ್ಟ ಸಾವಿರ ಆಂಟೆನಾಗಳು, 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಆಕಾಶದಿಂದ ಬರುವ ಅಲೆಗಳನ್ನು ಹಿಡಿಯುತ್ತಿದ್ದವು. ನೆಲಕ್ಕೆ ಊರಿದ ಆಂಟೆನಾವನ್ನು ಪೂರ್ವಕ್ಕೂ ಪಶ್ಚಿಮಕ್ಕೂ ಹೊರಳಿಸಲಾಗದು. ಹೊರಳಿಸುವ ಅಗತ್ಯವೂ ಇಲ್ಲ, ಏಕೆಂದರೆ ಭೂಮಿಯೇ ತಿರುಗಿ ಇಡೀ ಆಕಾಶವನ್ನು ಅದರ ಮುಂದೆ ಹಾಯಿಸುತ್ತದೆ. ಆಕಾಶದ ನಕ್ಷೆಯನ್ನು ಅಲ್ಲಿ ಹೀಗೆ ತಯಾರಿಸಿದರು ಎಂಬುದು ನನಗೆ ಇಂದಿಗೂ ಅಭಿಮಾನದ ವಿಷಯ.

ಒಂದೇ ರೇಡಿಯೋ ಮೂಲ ದಿನವೂ ನಾಲ್ಕು ನಿಮಿಷ ಮೊದಲು ನೆತ್ತಿಯ ಗೆರೆಯನ್ನು ದಾಟುತ್ತದೆ. ಕಾರ್ಲ್ ಜಾನ್ಸ್ಕಿ 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ತಾನು ಹಿಡಿದ ಅಪರಿಚಿತ ಸದ್ದು 24 ಗಂಟೆಗೊಮ್ಮೆ ಅಲ್ಲ, 23 ಗಂಟೆ 56 ನಿಮಿಷಕ್ಕೊಮ್ಮೆ ಮರಳುತ್ತಿದೆ ಎಂಬುದನ್ನು ಗುರುತಿಸಿಯೇ, ಅದು ಸೂರ್ಯನದಲ್ಲ, ಆಕಾಶಗಂಗೆಯದು ಎಂದು ತೀರ್ಮಾನಿಸಿದ. ಬರಿಗಣ್ಣಿಗೂ ಇದು ಕಾಣುತ್ತದೆ. ಡಿಸೆಂಬರಿನಲ್ಲಿ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ ಪೂರ್ವದಲ್ಲಿ ಏಳುವ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ), ಏಪ್ರಿಲ್ ಕೊನೆಗೆ ಅದೇ ವೇಳೆಯಲ್ಲಿ ಪಶ್ಚಿಮದಲ್ಲಿ ಇಳಿಯುತ್ತಿರುತ್ತಾನೆ.

ಹಿಪ್ಪುನೇರಳೆ ತೋಟ, ಮುಳಬಾಗಿಲು

ಮೇಷ್ಟರೇ, ಹಗಲನ್ನು ಎರಡು ಪಾಲು ಮಾಡಿ ಕೂಡಿ ಕಳೆದು ತೋರಿಸಿದ್ದರಿಂದ ಮನಸ್ಸಿಗೆ ನೇರವಾಗಿ ಇಳಿಯಿತು, ಇಬ್ಬರಿಗೂ ಧನ್ಯವಾದಗಳು. ಇದರಿಂದಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಹಗಲು ಬೆಳೆಯಲು ಶುರುವಾಗುವುದು ಡಿಸೆಂಬರಿನಲ್ಲಿ ಎಂದಾದರೆ, ಎಳ್ಳು ಬೆಲ್ಲ ಹಂಚಿ, ಸಂಜೆ ದನಗಳಿಗೆ ಕಿಚ್ಚು ಹಾಯಿಸಿ ಉತ್ತರಾಯಣದ ಹಬ್ಬ ಮಾಡುವುದು ಜನವರಿ 14 ಅಥವಾ 15ರಂದು ಏಕೆ? ಇದಕ್ಕೂ ಆ ಅರ್ಧ ನಿಮಿಷದ ಸರಿತವೇ ಕಾರಣವೇ?

ಉತ್ತರ: ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಅಲ್ಲ, ಇದು ಭೂಮಿಯ ಇನ್ನೊಂದು, ಬಹಳ ನಿಧಾನವಾದ ಚಲನೆಯ ಫಲ. ಭೂಮಿಯ ಅಕ್ಷ ಓರೆಯಾಗಿರುವುದಷ್ಟೇ ಅಲ್ಲ, ಆ ಓರೆಯ ದಿಕ್ಕು ಸುಮಾರು 25,800 ವರ್ಷಗಳಿಗೊಮ್ಮೆ ಒಂದು ಸುತ್ತು ತಿರುಗುತ್ತದೆ. ಭೂಮಿಯ ಉಬ್ಬಿದ ನಡುವನ್ನು ಸೂರ್ಯ ಚಂದ್ರರು ಎಳೆಯುವುದೇ ಇದಕ್ಕೆ ಕಾರಣ. ಇದರಿಂದ ವಿಷುವ ಮತ್ತು ಅಯನಗಳ ಬಿಂದುಗಳು ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತವೆ.

ಉತ್ತರಾಯಣ ಎಂದರೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ತಿರುಗುವುದು. ಅದು ಡಿಸೆಂಬರ್ 21–22ಕ್ಕೆ ಆಗುತ್ತದೆ. ಮಕರ ಸಂಕ್ರಾಂತಿ ಎಂದರೆ ಸೂರ್ಯ ನಿರಯಣ ಲೆಕ್ಕದ ಮಕರ ರಾಶಿಗೆ ಬರುವುದು. ಅದು ನಕ್ಷತ್ರಗಳಿಗೆ ಕಟ್ಟಿದ ಗುರುತು. ನಮ್ಮ ಪಂಚಾಂಗಗಳು ಹೆಚ್ಚಾಗಿ ಬಳಸುವ ಅಯನಾಂಶದ, ಅಂದರೆ ಈ ಎರಡು ಗುರುತುಗಳ ನಡುವಿನ ಕೋನದ, ಪ್ರಕಾರ ಕ್ರಿ.ಶ. 285ರ ಸುಮಾರಿಗೆ ಎರಡೂ ಒಂದೇ ದಿನ ಬೀಳುತ್ತಿದ್ದವು. ಈಗ ಅಯನಾಂಶ 24 ಡಿಗ್ರಿ ದಾಟಿದೆ, ಎರಡು ದಿನಗಳ ನಡುವಿನ ಅಂತರವೂ ಸುಮಾರು 24 ದಿನ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅಂದು ಮಕರ ಸಂಕ್ರಾಂತಿಯಾಗಿತ್ತು. ಅಷ್ಟರಿಂದ ಇಷ್ಟಕ್ಕೆ ಹಬ್ಬ ಎರಡು ಮೂರು ದಿನ ಮುಂದೆ ಬಂದಿರುವುದನ್ನು ನೀವೇ ನೋಡಬಹುದು.

ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಇದನ್ನು ಕೂಲಂಕಷವಾಗಿ ಪರಿಶೀಲಿಸಿತು, ಮತ್ತು 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದ ವರ್ಷವನ್ನು ವಿಷುವಕ್ಕೆ ಕಟ್ಟಲಾಯಿತು. ರೈತರಾದ ನಿಮಗೆ ಇದು ಹತ್ತಿರದ ವಿಷಯವೆಂದು ಹೇಳುತ್ತೇನೆ: ರೋಹಿಣಿ ಮಳೆ, ಮೃಗಶಿರ ಮಳೆ ಎಂದು ನಾವು ಎಣಿಸುವುದು ಸೂರ್ಯ ಆಯಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳನ್ನು. ಆ ಗುರುತುಗಳೂ ಇದೇ ವೇಗದಲ್ಲಿ ಋತುವಿನಿಂದ ಸರಿಯುತ್ತವೆ. ಒಂದು ಮನುಷ್ಯಾಯುಷ್ಯದಲ್ಲಿ ಒಂದು ದಿನದ ವ್ಯತ್ಯಾಸ ಯಾರಿಗೂ ತಿಳಿಯದು, ಸಾವಿರ ವರ್ಷದಲ್ಲಿ ಅದು ಎರಡು ವಾರವಾಗುತ್ತದೆ. ಹಬ್ಬವನ್ನು ಹಬ್ಬದ ದಿನವೇ ಮಾಡೋಣ, ಆದರೆ ಮಕ್ಕಳಿಗೆ ಎರಡನ್ನೂ ಬಿಡಿಸಿ ಹೇಳಿಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ: ಬಿ.ಎಸ್ಸಿ. ವಿದ್ಯಾರ್ಥಿನಿ, ಕೋಲಾರ

ಇದೇ ಎರಡು ಕಾರಣಗಳು, ಅಂದರೆ ಕಕ್ಷೆಯ ದೀರ್ಘತೆ ಮತ್ತು ಓರೆ, ಬೇರೆಡೆಯೂ ಕೆಲಸ ಮಾಡುತ್ತವೆ. ಚಂದ್ರೋದಯ ದಿನಕ್ಕೆ 50 ನಿಮಿಷ ತಡ ಎನ್ನುವುದು ಸರಾಸರಿ ಮಾತ್ರ; ಚಂದ್ರ ಭೂಮಿಗೆ ಹತ್ತಿರವಿದ್ದಾಗ ದಿನಕ್ಕೆ ಸುಮಾರು 15 ಡಿಗ್ರಿ, ದೂರವಿದ್ದಾಗ ಸುಮಾರು 12 ಡಿಗ್ರಿ ಸಾಗುವುದರಿಂದ ಮತ್ತು ಅವನ ದಾರಿಯೂ ಓರೆಯಾಗಿರುವುದರಿಂದ ತಡ ಹೆಚ್ಚು ಕಡಿಮೆಯಾಗುತ್ತದೆ. ಮಂಗಳನ ಓರೆ ನಮ್ಮದಕ್ಕಿಂತ ಸ್ವಲ್ಪವೇ ಹೆಚ್ಚು, ಸುಮಾರು 25 ಡಿಗ್ರಿ. ಆದರೆ ಅದರ ಕಕ್ಷೆ ಬಹಳ ದೀರ್ಘವಾದ್ದರಿಂದ ಅಲ್ಲಿ ಸೂರ್ಯ ಸರಾಸರಿ ಗಡಿಯಾರಕ್ಕಿಂತ ಸುಮಾರು 50 ನಿಮಿಷ ಹಿಂದೆ ಬೀಳುವ ಕಾಲವೂ ಇದೆ. ಬುಧನಲ್ಲಂತೂ ಒಂದು ಸೌರದಿನಕ್ಕೆ ನಮ್ಮ 176 ದಿನ, ಮತ್ತು ಆ ಗ್ರಹ ಸೂರ್ಯನಿಗೆ ಅತಿ ಹತ್ತಿರ ಬಂದಾಗ ಕಕ್ಷೆಯ ವೇಗ ತಿರುಗುವ ವೇಗವನ್ನು ಮೀರಿ, ಸೂರ್ಯ ಕೆಲವು ದಿನ ಆಕಾಶದಲ್ಲಿ ಹಿಮ್ಮುಖವಾಗಿ ಚಲಿಸುತ್ತಾನೆ.

ಮೇಷ್ಟರೇ, ಮಧ್ಯಾಹ್ನ ಸರಿಯುವುದನ್ನು ಉಪಕರಣವಿಲ್ಲದೆ ಅಳೆಯುವ ವಿಧಾನವನ್ನೂ ಬರೆಯುವಿರಾ?

ಉತ್ತರ: ನಿವೃತ್ತ ಭೌತವಿಜ್ಞಾನ ಮೇಷ್ಟರು, ತುಮಕೂರು

ಧಾರಾಳವಾಗಿ, ಅಮ್ಮಾ. ನಮ್ಮ ಪ್ರಾಚೀನ ಜ್ಯೋತಿಷ ಗ್ರಂಥಗಳ ಶಂಕು ವಿಧಾನವೇ ಸಾಕು. ಸಮತಟ್ಟಾದ ತಾರಸಿಯ ಮೇಲೆ ಒಂದು ನೇರ ಕೋಲನ್ನು ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದು ಲಂಬವಾಗಿದೆಯೇ ಎಂದು ನೋಡಿ, ಬುಡವನ್ನು ಕೇಂದ್ರವಾಗಿಟ್ಟು ಒಂದು ವೃತ್ತ ಎಳೆಯಿರಿ. ಬೆಳಗ್ಗೆ ನೆರಳಿನ ತುದಿ ವೃತ್ತದೊಳಕ್ಕೆ ಬರುವ ಜಾಗವನ್ನೂ ಮಧ್ಯಾಹ್ನದ ನಂತರ ಹೊರಗೆ ಹೋಗುವ ಜಾಗವನ್ನೂ ಗುರುತಿಸಿ, ಆ ಎರಡರ ನಡುಬಿಂದುವಿನಿಂದ ಕೋಲಿನ ಬುಡಕ್ಕೆ ಗೆರೆ ಎಳೆದರೆ ಅದೇ ಉತ್ತರ–ದಕ್ಷಿಣ ರೇಖೆ. ಮುಂದೆ ನೆರಳು ಆ ರೇಖೆಯ ಮೇಲೆ ಬೀಳುವ ಸಮಯವನ್ನು ವಾರಕ್ಕೊಮ್ಮೆ ಬರೆದಿಟ್ಟರಾಯಿತು.

ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದಾದ್ದರಿಂದ ಕೋಲಾರದಲ್ಲಿ ಸರಾಸರಿ ಮಧ್ಯಾಹ್ನವೇ ಸುಮಾರು 12.17ಕ್ಕೆ. ನವೆಂಬರ್ 3ರ ಸುಮಾರಿಗೆ ನಿಜವಾದ ನಡುಮಧ್ಯಾಹ್ನ 12.01ರವರೆಗೆ ಹಿಂದೆ ಬರುತ್ತದೆ, ಫೆಬ್ರುವರಿ 11ರ ಸುಮಾರಿಗೆ 12.32ರವರೆಗೆ ಮುಂದೆ ಹೋಗುತ್ತದೆ. ತುಮಕೂರಿನವರು ಎಲ್ಲಕ್ಕೂ ನಾಲ್ಕು ನಿಮಿಷ ಕೂಡಿಸಿಕೊಳ್ಳಬೇಕು. ಏಪ್ರಿಲ್ 25 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುವುದರಿಂದ ಅಂದು ಮಧ್ಯಾಹ್ನ ಕೋಲಿಗೆ ನೆರಳೇ ಇರುವುದಿಲ್ಲ, ಆ ದಿನಗಳ ಸಮಯ ಸರಿಯಾಗಿ ಸಿಗುವುದು ಕಷ್ಟ. ಅವೆರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆಯಾದ್ದರಿಂದ ರೇಖೆಯನ್ನು ಬುಡದ ಎರಡೂ ಕಡೆಗೆ ಎಳೆದಿಟ್ಟುಕೊಳ್ಳಿ.